ಗಾಳಿಗೆ ಎದುರಾಗಿ ಬರುವ ಹದ್ದು: ಹಾರುವ ಹಕ್ಕಿಯ ಫೋಟೋ, ಅದಕ್ಕೆ ತಕ್ಕ ಕ್ಯಾಮೆರಾ

ಹೊನ್ನಾವರದ ಹತ್ತಿರ ಶರಾವತಿ ಕಡಲು ಸೇರುವ ಅಳಿವೆ. ಕಾಸರಕೋಡಿನ ದಂಡೆ. ಬೆಳಗಿನ ಏಳೂವರೆ ಆಗಿತ್ತು. ಮೀನಿನ ಬೋಟುಗಳು ಒಂದೊಂದಾಗಿ ಒಳಗೆ ಬರುತ್ತಿದ್ದವು. ಕಾಗೆ, ಕಡಲಕ್ಕಿ, ಗರುಡ ಎಲ್ಲವೂ ಅವುಗಳ ಬೆನ್ನಿಗೆ ಬಿದ್ದಿದ್ದವು. ಸ್ವಲ್ಪ ದೂರದ ಗಾಳಿ ಮರದ ತುದಿಯಲ್ಲಿ ಒಂದು ದೊಡ್ಡ ಹಕ್ಕಿ ಮಾತ್ರ ಈ ಗದ್ದಲ ತನಗಲ್ಲ ಅನ್ನುವ ಹಾಗೆ ಕೂತಿತ್ತು. ತಲೆ, ಎದೆ, ಹೊಟ್ಟೆ ಅಚ್ಚ ಬಿಳಿ. ಬೆನ್ನು, ರೆಕ್ಕೆ ಬೂದಿ ಬಣ್ಣ. ಬಿಳಿ ಹೊಟ್ಟೆಯ ಕಡಲ ಹದ್ದು.

ಅದು ಮುಂದಕ್ಕೆ ಬಾಗಿತು. ಹಿಕ್ಕೆ ಹಾಕಿತು. ಮರುಕ್ಷಣ ರೆಕ್ಕೆ ಬಿಚ್ಚಿ ಹೊರಟು, ನೀರಿನ ಮೇಲೆ ತಗ್ಗಿ ತಗ್ಗಿ ಬಂತು. ಕೊನೆಯ ಗಳಿಗೆಯಲ್ಲಿ ಎರಡೂ ಕಾಲು ಮುಂದಕ್ಕೆ ಚಾಚಿತು. ರೆಕ್ಕೆ ಮೇಲೆದ್ದವು, ಬಾಲ ಬೀಸಣಿಗೆಯಂತೆ ಅರಳಿತು. ಉಗುರು ತಾಗಿದ ಕಡೆ ನೀರಿನ ಮೇಲೆ ಬಿಳಿ ಗೆರೆ ಎದ್ದಿತು. ಮೇಲೆದ್ದಾಗ ಕಾಲಲ್ಲಿ ಮೀನು ಒದ್ದಾಡುತ್ತಿತ್ತು. ಒಟ್ಟು ಆರೇಳು ಸೆಕೆಂಡು, ಅಷ್ಟೇ.

ನಾನು ಐವತ್ತಕ್ಕೂ ಜಾಸ್ತಿ ಫ್ರೇಮ್ ಹೊಡೆದಿದ್ದೆ. ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದರೆ ಒಂದೂ ಇಟ್ಟುಕೊಳ್ಳುವ ಹಾಗಿರಲಿಲ್ಲ. ಕೆಲವದರಲ್ಲಿ ರೆಕ್ಕೆಯ ತುದಿ ಚೌಕಟ್ಟಿನ ಆಚೆ ಹೋಗಿತ್ತು. ಹೊಟ್ಟೆ ಕಾಗದದ ಹಾಗೆ ಬೆಳ್ಳಗಾಗಿ ಒಂದು ಗರಿಯೂ ಕಾಣುತ್ತಿರಲಿಲ್ಲ. ಇನ್ನು ಕೆಲವದರಲ್ಲಿ ಬಾಲ ಚೂಪಾಗಿ (ಸ್ಪಷ್ಟವಾಗಿ) ಬಂದಿದೆ, ಕಣ್ಣು ಮಂಜಾಗಿದೆ. ಕ್ಯಾಮೆರಾದಲ್ಲಿ ಏನೂ ದೋಷ ಇರಲಿಲ್ಲ. ಹದ್ದು ಹೇಗೆ ಹಾರುತ್ತದೆ ಎಂಬ ಲೆಕ್ಕ ನನಗೆ ಗೊತ್ತಿರಲಿಲ್ಲ.

ಹಾರುವ ಹದ್ದಿಗೆ ಯಾವ ಕ್ಯಾಮೆರಾ ತಗೊಳ್ಳಲಿ ಎಂದು ಈಗ ಯಾರಾದರೂ ಕೇಳಿದರೆ ನಾನು ಮೊದಲು ಬೇರೆ ಪ್ರಶ್ನೆ ಕೇಳುತ್ತೇನೆ. ಯಾವ ಹದ್ದು? ಎಷ್ಟು ದೂರದಲ್ಲಿ? ಯಾವ ಕಡೆಯಿಂದ ಬರುತ್ತದೆ? ಇದಕ್ಕೆ ಉತ್ತರ ಸಿಕ್ಕರೆ ಲೆನ್ಸಿನ ಉದ್ದ, ಶಟರ್ ಸ್ಪೀಡು (ಕ್ಯಾಮೆರಾ ಎಷ್ಟು ಹೊತ್ತು ಕಣ್ಣು ತೆರೆದಿರುತ್ತದೆ ಅನ್ನುವುದು), ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಎಲ್ಲ ಅದರ ಹಿಂದೆಯೇ ಬರುತ್ತವೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ನಾವು ಕನ್ನಡದಲ್ಲಿ ಹದ್ದು ಅನ್ನುವುದು ತುಂಬಾ ಹಕ್ಕಿಗಳಿಗೆ. ಬೆಂಗಳೂರಿನ ಮಾಂಸದ ಅಂಗಡಿಗಳ ಮೇಲೆ ಸುತ್ತುವ ಕಂದುಗಪ್ಪು ಹಕ್ಕಿಯೂ ಹದ್ದೇ. ಅದರ ಬಾಲದ ತುದಿ ಸ್ವಲ್ಪ ಕವಲಾಗಿರುತ್ತದೆ. ಬಿಳಿ ತಲೆ, ಇಟ್ಟಿಗೆಗೆಂಪು ಮೈ ಇರುವುದು ಗರುಡ. ಇವೆರಡೂ ಹಗುರ ಮೈಯ ಹಕ್ಕಿಗಳು, ಗಾಳಿಯಲ್ಲಿ ಬೇಕಾದ ಹಾಗೆ ಹೊರಳುತ್ತವೆ. ಗರುಡದ ರೆಕ್ಕೆಯಗಲ ಸುಮಾರು 1.2 ಮೀಟರ್. ಕಡಲ ಹದ್ದಿನದು 2 ಮೀಟರ್ ಹತ್ತಿರ. ಅದು ನಿಧಾನವಾಗಿ, ಭಾರವಾಗಿ ರೆಕ್ಕೆ ಬಡಿಯುತ್ತದೆ. ತೇಲುವಾಗ ರೆಕ್ಕೆಯನ್ನು ಅಗಲವಾದ ವಿ ಆಕಾರದಲ್ಲಿ ಎತ್ತಿ ಹಿಡಿಯುತ್ತದೆ. ಬಾಲ ಗಿಡ್ಡ, ಬೆಣೆಯ ಆಕಾರ. ಮರಿ ಹಕ್ಕಿ ಪೂರ್ತಿ ಕಂದು ಬಣ್ಣದ್ದು. ಅದಕ್ಕೆ ದೊಡ್ಡ ಹಕ್ಕಿಯ ಬಿಳಿ ಬಣ್ಣ ಬರಲು ನಾಲ್ಕೈದು ವರ್ಷ ಬೇಕು. ಒಂದೇ ಜಾತಿಯ ಹಕ್ಕಿಗೆ ವಯಸ್ಸು ನೋಡಿ ಕ್ಯಾಮೆರಾ ಸೆಟ್ಟಿಂಗ್ ಬದಲಿಸಬೇಕಾಗುತ್ತದೆ ಅನ್ನುವುದು ಈ ಕಾರಣಕ್ಕೆ.

ಇನ್ನು ಗಾಳಿ. ಇಡೀ ವಿಷಯದಲ್ಲಿ ಯಾರೂ ದುಡ್ಡು ಕೊಟ್ಟು ಕೊಳ್ಳಲಾಗದ, ಆದರೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವ ಭಾಗ ಇದು.

ದೊಡ್ಡ ಹಕ್ಕಿ ಗಾಳಿಗೆ ಎದುರಾಗಿಯೇ ಏಳುತ್ತದೆ, ಎದುರಾಗಿಯೇ ಇಳಿಯುತ್ತದೆ. ಬೇಟೆಗೆ ಎರಗುವಾಗಲೂ ಸಾಮಾನ್ಯವಾಗಿ ಹಾಗೇ. ಎದುರು ಗಾಳಿ ರೆಕ್ಕೆಗೆ ಎತ್ತುವ ಬಲ ಕೊಡುತ್ತದೆ, ನೆಲದ ಮೇಲಿನ ವೇಗ ಕಡಿಮೆ ಮಾಡುತ್ತದೆ. ಹದ್ದು ಗಾಳಿಯಲ್ಲಿ ಸೆಕೆಂಡಿಗೆ 12 ಮೀಟರ್ ವೇಗದಲ್ಲಿ ಹಾರುತ್ತಿದೆ ಎಂದು ಇಟ್ಟುಕೊಳ್ಳಿ. ಎದುರು ಗಾಳಿ ಸೆಕೆಂಡಿಗೆ 5 ಮೀಟರ್ ಇದ್ದರೆ ನಿಮ್ಮ ಕಣ್ಣಿಗೆ ಅದು 7 ಮೀಟರ್ ವೇಗದಲ್ಲಿ ಬರುತ್ತದೆ. ಗಾಳಿ ಹಿಂದಿನಿಂದ ಬೀಸಿದರೆ 17 ಮೀಟರ್. ಅದೇ ಹಕ್ಕಿ, ಅದೇ ರೆಕ್ಕೆ, ಎರಡೂವರೆ ಪಟ್ಟು ವ್ಯತ್ಯಾಸ. ಹಾಗಾಗಿ ಗಾಳಿ ನಿಮ್ಮ ಬೆನ್ನಿಗೆ ಬೀಸುವ ಹಾಗೆ ನಿಂತರೆ ಹದ್ದು ನಿಮ್ಮ ಕಡೆ ಮುಖ ಮಾಡಿ, ನಿಧಾನವಾಗಿ ಬರುತ್ತದೆ. ಸೂರ್ಯನೂ ಬೆನ್ನಿಗಿದ್ದರೆ ಅದರ ಮುಖದ ಮೇಲೆ ಬೆಳಕೂ ಬೀಳುತ್ತದೆ. ಗಾಳಿ, ಬೆಳಕು ಎರಡೂ ಒಂದೇ ಕಡೆಯಿಂದ ಬರುವ ಜಾಗ, ಹೊತ್ತು ಹುಡುಕುವುದೇ ಅರ್ಧ ಕೆಲಸ.

ನಮ್ಮ ಕರಾವಳಿಯಲ್ಲಿ ಇದು ಎಷ್ಟು ಚೆನ್ನಾಗಿ ಕೂಡಿಬರುತ್ತದೆ ನೋಡಿ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ನೀರು ಬೆಚ್ಚಗೇ ಇರುತ್ತದೆ. ಹಾಗಾಗಿ ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿಗೆ, ಅಂದರೆ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ. ಸೂರ್ಯನೂ ಪೂರ್ವದಲ್ಲೇ. ದಂಡೆಯ ಮೇಲೆ ಕಡಲಿಗೆ ಮುಖ ಮಾಡಿ ನಿಂತರೆ ಎರಡೂ ಬೆನ್ನಿಗೆ ಸಿಗುತ್ತವೆ. ನೀರಿನ ಮೇಲಿನ ಹದ್ದು ನಿಮ್ಮತ್ತಲೇ ತಿರುಗಿರುತ್ತದೆ. ಚಳಿಗಾಲದ ಬೆಳಗಿನಲ್ಲಿ ಈ ಗಾಳಿ ಒಂಬತ್ತು ಗಂಟೆವರೆಗೂ ಸಿಗುವುದುಂಟು. ಆಮೇಲೆ ಸ್ವಲ್ಪ ಹೊತ್ತು ಎಲ್ಲ ಸ್ತಬ್ಧ. ಹನ್ನೊಂದರ ಹೊತ್ತಿಗೆ ಕಡಲ ಗಾಳಿ ಶುರುವಾಗುತ್ತದೆ, ಈಗ ಪಶ್ಚಿಮದಿಂದ. ಮಧ್ಯಾಹ್ನ ಮೂರರ ಮೇಲೆ ಸೂರ್ಯನೂ ಪಶ್ಚಿಮಕ್ಕೆ ಬರುತ್ತಾನೆ. ಆಗಲೂ ಬೆಳಗ್ಗೆ ನಿಂತ ಜಾಗದಲ್ಲೇ ನಿಂತರೆ ಹದ್ದಿನ ಬೆನ್ನು ಕಾಣುತ್ತದೆ, ಅದೂ ಕಪ್ಪು ನೆರಳಿನ ಹಾಗೆ. ಸಂಜೆಗೆ ಅಲೆತಡೆ ಗೋಡೆಯ ತುದಿಗೆ ಹೋಗಬೇಕು, ಇಲ್ಲವೇ ಬೋಟಿನಲ್ಲಿ ಕೂತು ದಂಡೆಯ ಕಡೆ ತಿರುಗಬೇಕು. ತೆಂಗಿನ ತೋಟದ ಹಸಿರು ಹಿಂದಿದ್ದು, ಸಂಜೆ ಬಿಸಿಲು ಬಿದ್ದ ಬಿಳಿ ಹಕ್ಕಿ ಎದುರಿಗೆ ಬರುವುದನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಚೆನ್ನೈ ಕಡೆ ಇರುವ ಕನ್ನಡಿಗರಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಕಡಲು ಪೂರ್ವಕ್ಕಿದೆ. ಬೆಳಗ್ಗೆ ಸೂರ್ಯ ಕಡಲಿನಿಂದ, ಗಾಳಿ ನೆಲದಿಂದ. ಎರಡೂ ಎದುರುಬದುರು. ಅಲ್ಲಿ ಹಕ್ಕಿ ಪಕ್ಕದಿಂದ ಹಾದುಹೋಗುವ ಜಾಗ ಹುಡುಕುವುದೇ ಮೇಲು.

ಒಳನಾಡಿನಲ್ಲಿ ಆಟವೇ ಬೇರೆ. ಹೆಸರಘಟ್ಟದ ಹುಲ್ಲುಗಾವಲು, ರಾಮನಗರದ ಬಂಡೆ ಬೆಟ್ಟಗಳು, ಕಬಿನಿ ಹಿನ್ನೀರಿನ ಅಂಚು, ಎಲ್ಲೇ ಆಗಲಿ ದೊಡ್ಡ ಹದ್ದುಗಳು ಬೆಳಗ್ಗೆ ಬೇಗ ಏಳುವುದು ಕಡಿಮೆ. ಮೊದಲು ಬಂಡೆ, ಬಯಲು ಬಿಸಿಲಿಗೆ ಬಿಸಿಯಾಗಬೇಕು. ಕಾದ ನೆಲದಿಂದ ಬಿಸಿಗಾಳಿ ಕಂಬದ ಹಾಗೆ ಮೇಲೇಳುತ್ತದೆ. ಒಂಬತ್ತೂವರೆ ಹತ್ತರ ಹೊತ್ತಿಗೆ ಹದ್ದು ಅದರೊಳಗೆ ಸೇರಿ, ರೆಕ್ಕೆ ಬಡಿಯದೆ ಸುತ್ತು ಹಾಕುತ್ತಾ ಏರುತ್ತದೆ. ಫೋಟೋ ಸಿಗುವುದು ಮೊದಲ ಮೂರ್ನಾಲ್ಕು ಸುತ್ತಿನಲ್ಲಿ ಮಾತ್ರ. ಆಮೇಲೆ ಅದು ಆಕಾಶದಲ್ಲಿ ಚುಕ್ಕೆ. ಪ್ರತಿ ಸುತ್ತಿನಲ್ಲೂ ಒಂದು ಕಡೆ ಹಕ್ಕಿ ಓರೆಯಾಗಿ ವಾಲಿ ರೆಕ್ಕೆಯ ಒಳಭಾಗಕ್ಕೆ ಬಿಸಿಲು ಬೀಳುತ್ತದೆ. ಮೊದಲ ಸುತ್ತು ಸುಮ್ನೆ ನೋಡಿ. ಎಲ್ಲಿ ಬೆಳಗುತ್ತದೆ ಎಂದು ಗುರುತಿಟ್ಟುಕೊಳ್ಳಿ. ಎರಡನೇ ಸುತ್ತಿನಲ್ಲಿ ಅಲ್ಲಿಗೇ ಕಾದು ಹೊಡೆಯಿರಿ. ಬೆಟ್ಟದ ಮೇಲಿದ್ದರೆ ಇನ್ನೂ ಒಳ್ಳೆಯದು. ಹಕ್ಕಿ ನಿಮ್ಮ ಕಣ್ಣಿನ ಮಟ್ಟದಲ್ಲಿ, ಕೆಲವೊಮ್ಮೆ ಕೆಳಗೇ ಹಾದುಹೋಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಹೆದರಬೇಡಿ, ಗುಣಾಕಾರ ಭಾಗಾಕಾರ ಅಷ್ಟೇ. ಸೆನ್ಸರಿನ ಮೇಲೆ, ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕದ ಮೇಲೆ, ಹಕ್ಕಿ ಎಷ್ಟು ದೊಡ್ಡದಾಗಿ ಬೀಳುತ್ತದೆ? ರೆಕ್ಕೆಯಗಲವನ್ನು ಲೆನ್ಸಿನ ಮಿ.ಮೀ.ಯಿಂದ ಗುಣಿಸಿ, ದೂರದಿಂದ ಭಾಗಿಸಿ. 2 ಮೀಟರ್ ಹದ್ದು, 600 ಮಿ.ಮೀ. ಲೆನ್ಸು, 50 ಮೀಟರ್ ದೂರ. ಉತ್ತರ 24 ಮಿ.ಮೀ. ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಮಿ.ಮೀ. ಅಂದರೆ ಚೌಕಟ್ಟಿನ ಮೂರರಲ್ಲಿ ಎರಡು ಪಾಲು ಹಕ್ಕಿ. ಇದಕ್ಕಿಂತ ಚೆನ್ನಾದ ಅಳತೆ ಬೇಡ. ಆದರೆ ಅದಕ್ಕಿಂತ ಚಿಕ್ಕದಾದ ಕ್ರಾಪ್ ಸೆನ್ಸರಿನ ಅಗಲವೇ ಸುಮಾರು 24 ಮಿ.ಮೀ. ರೆಕ್ಕೆ ಈ ತುದಿಯಿಂದ ಆ ತುದಿಗೆ ತಾಗುತ್ತದೆ. ಸ್ವಲ್ಪ ಕೈ ಅಲುಗಿದರೂ ತುಂಡು. ಆ ದಿನ ನನ್ನ ಕೈಯಲ್ಲಿದ್ದದ್ದು ಕ್ರಾಪ್ ಬಾಡಿ, ಜೂಮ್ ಪೂರ್ತಿ 600ರಲ್ಲಿತ್ತು. ರೆಕ್ಕೆ ಏಕೆ ಹೋಯಿತು ಎಂದು ಈಗ ಅರ್ಥವಾಯಿತಲ್ವಾ?

ಇದೇ ಲೆಕ್ಕವನ್ನು ಗರುಡಕ್ಕೆ ಹಾಕಿ. 1.2 ಮೀಟರ್, 50 ಮೀಟರ್ ದೂರ, 600 ಮಿ.ಮೀ.: 14 ಮಿ.ಮೀ. ಚಿಲ್ಲರೆ. ಕ್ರಾಪ್ ಬಾಡಿಗೆ ಹೇಳಿ ಮಾಡಿಸಿದ ಅಳತೆ. ಕಡಲ ಹದ್ದು 100 ಮೀಟರ್ ದೂರದಲ್ಲಿದ್ದರೂ 12 ಮಿ.ಮೀ., ಪರವಾಗಿಲ್ಲ. 200 ಮೀಟರ್ ಆದರೆ 6 ಮಿ.ಮೀ. ಆಗ ಯಾವ ಲೆನ್ಸೂ ಸಾಲದು, ಇನ್ನೂ ಹತ್ತಿರದ ಜಾಗ ಹುಡುಕಬೇಕು. ನೀವು ಹೋಗುವ ಜಾಗದಲ್ಲಿ ಹಕ್ಕಿ ಎಷ್ಟು ದೂರ ಬರುತ್ತದೆ ಎಂದು ಮೊದಲು ಬರಿಗೈಯಲ್ಲಿ ಹೋಗಿ ನೋಡಿ ಬನ್ನಿ ಅಂತ ನಾನು ಹೇಳುವುದು ಇದಕ್ಕೇ. ಲೆನ್ಸಿಗೆ ಹಾಕುವ ದುಡ್ಡು ಸಣ್ಣದಲ್ಲ.

ಶಟರ್ ಸ್ಪೀಡಿನ ಲೆಕ್ಕವೂ ಇದೇ ಸೂತ್ರದಿಂದ ಬರುತ್ತದೆ. ಅದೇ 50 ಮೀಟರ್ ದೂರದಲ್ಲಿ ಹದ್ದು ಸೆಕೆಂಡಿಗೆ 12 ಮೀಟರ್ ವೇಗದಲ್ಲಿ ಅಡ್ಡ ಹಾದುಹೋದರೆ ಸೆನ್ಸರಿನ ಮೇಲೆ ಅದರ ಬಿಂಬ ಸೆಕೆಂಡಿಗೆ 144 ಮಿ.ಮೀ. ಓಡುತ್ತದೆ. 1/2000 ಸೆಕೆಂಡಿನಲ್ಲಿ 0.072 ಮಿ.ಮೀ. ಇದೇನು ಮಹಾ ಅನ್ನಿಸಬಹುದು. ಆದರೆ 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಸೆನ್ಸರಿನಲ್ಲಿ ಒಂದು ಪಿಕ್ಸೆಲ್ಲಿನ ಅಗಲ 0.006 ಮಿ.ಮೀ. ಅಷ್ಟೇ. ಅಂದರೆ ಹನ್ನೆರಡು ಪಿಕ್ಸೆಲ್ ಉದ್ದಕ್ಕೆ ಚಿತ್ರ ಕದಡಿತು! ಕ್ಯಾಮೆರಾ ಅಲುಗದೆ ನಿಂತಿದ್ದರೆ 1/2000 ಕೂಡ ಸಾಕಾಗುವುದಿಲ್ಲ. ಹಕ್ಕಿಯ ಜೊತೆಗೆ ಕ್ಯಾಮೆರಾವನ್ನು ಅದೇ ವೇಗದಲ್ಲಿ ತಿರುಗಿಸುತ್ತಾ ಹೋಗಬೇಕು. ಆಗ ಮೈ, ತಲೆ ಚೌಕಟ್ಟಿನೊಳಗೆ ನಿಂತ ಹಾಗಿರುತ್ತದೆ. ಬಡಿಯುವ ರೆಕ್ಕೆಯ ತುದಿ ಮಾತ್ರ ಓಡುತ್ತಿರುತ್ತದೆ, ಅದನ್ನು ಹಿಡಿಯುವುದು ಶಟರ್ ಸ್ಪೀಡಿನ ಕೆಲಸ. ತೇಲುವ ಹದ್ದಿಗೆ 1/1600 ಸಾಕು. ಎರಗುವಾಗ, ಏಳುವಾಗ, ಜಗಳ ಆಡುವಾಗ 1/2500ರಿಂದ 1/3200 ಇಡಿ.

ಮೂರನೆಯ ತಪ್ಪು, ಕಣ್ಣು ಮಂಜಾದದ್ದು, ಫೋಕಸ್ಸಿನ ಆಳದ ವಿಷಯ. 600 ಮಿ.ಮೀ. ಲೆನ್ಸು, ಎಫ್ 6.3 (ಲೆನ್ಸಿನ ಕಿಂಡಿಯ ಅಳತೆ; ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಫುಲ್ ಫ್ರೇಮ್ ಇದ್ದಾಗ 50 ಮೀಟರ್ ದೂರದಲ್ಲಿ ಚೂಪಾಗಿ ಕಾಣುವ ಪಟ್ಟಿ ಸುಮಾರು ಎರಡೂವರೆ ಮೀಟರ್. 25 ಮೀಟರಿಗೆ ಬಂದಾಗ ಅದು 65 ಸೆಂ.ಮೀ.ಗೆ ಇಳಿಯುತ್ತದೆ. ಹದ್ದು ಅದೇ 12 ಮೀಟರ್ ವೇಗದಲ್ಲಿ ಎದುರಿಗೆ ಬರುತ್ತಿದ್ದರೆ, ಸೆಕೆಂಡಿಗೆ ಹತ್ತು ಫ್ರೇಮ್ ಹೊಡೆಯುವ ಕ್ಯಾಮೆರಾದಲ್ಲಿ ಒಂದು ಫ್ರೇಮಿನಿಂದ ಇನ್ನೊಂದಕ್ಕೆ 1.2 ಮೀಟರ್ ಮುಂದೆ ಬಂದಿರುತ್ತದೆ. ಅಂದರೆ ಕ್ಯಾಮೆರಾ ಈಗ ಹಕ್ಕಿ ಇರುವ ಜಾಗಕ್ಕೆ ಫೋಕಸ್ ಮಾಡಿದರೆ ಸಾಲದು. ಶಟರ್ ತೆರೆಯುವ ಹೊತ್ತಿಗೆ ಅದು ಎಲ್ಲಿರುತ್ತದೆ ಎಂದು ಊಹಿಸಬೇಕು. ನಿರಂತರ ಫೋಕಸ್ ಎಂಬ ಸೌಲಭ್ಯ ಮಾಡುವುದು ಇದನ್ನೇ. ಕ್ಯಾನನ್ನಿನಲ್ಲಿ ಅದಕ್ಕೆ ಸರ್ವೊ ಅನ್ನುತ್ತಾರೆ, ನಿಕಾನ್, ಸೋನಿಯಲ್ಲಿ ಎಎಫ್-ಸಿ. ನಿಂತ ಹಕ್ಕಿಗೆ ಇಟ್ಟ ಒಂದೇ ಸಲದ ಫೋಕಸ್ಸಿನಲ್ಲಿ ಹಾರುವ ಹಕ್ಕಿಯನ್ನು ಹೊಡೆದರೆ ಬಾಲ ಚೂಪಾಗುವುದು ಸಹಜ.

ಬಾಡಿ ಆರಿಸುವಾಗ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಈ ಊಹೆಯ ಶಕ್ತಿಯನ್ನು. ಮೆಗಾಪಿಕ್ಸೆಲ್ ಆಮೇಲೆ. 2020ರಿಂದೀಚೆಗೆ ಇಲ್ಲಿ ದೊಡ್ಡ ಬದಲಾವಣೆ ಆಗಿದೆ. ಕ್ಯಾನನ್ ಆರ್5, ಆಮೇಲೆ ಸೋನಿ ಎ1, ನಿಕಾನ್ ಜೆಡ್9 ಬಂದ ಮೇಲೆ ಕ್ಯಾಮೆರಾ ತಾನೇ ಹಕ್ಕಿಯನ್ನು ಗುರುತಿಸಿ ಕಣ್ಣಿನ ಮೇಲೆ ಚೌಕ ಕೂರಿಸುತ್ತದೆ. ತೆರೆದ ಆಕಾಶದಲ್ಲಿ ಇದು ವರದಾನ. ಗಾಳಿ ಮರದ ತೋಪಿನ ಮುಂದೆ ಹಾದುಹೋಗುವ ಕಂದು ಬಣ್ಣದ ಮರಿ ಹದ್ದಿಗೆ ಮಾತ್ರ ಇವೂ ತಡವರಿಸುತ್ತವೆ. ಅಲ್ಲಿ ಚಿಕ್ಕ ಫೋಕಸ್ ಚೌಕ ಇಟ್ಟು ನೀವೇ ಹಕ್ಕಿಯ ಮೇಲೆ ಹಿಡಿಯಬೇಕು.

ಮಿರರ್‌ಲೆಸ್ ಕ್ಯಾಮೆರಾದಲ್ಲಿ, ಅಂದರೆ ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯದರಲ್ಲಿ, ಇನ್ನೊಂದು ವಿಷಯ ಗಮನಿಸಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಓದುವುದು ನಿಧಾನವಾದರೆ, ಅಷ್ಟರಲ್ಲಿ ರೆಕ್ಕೆ ಬೇರೆ ಜಾಗಕ್ಕೆ ಹೋಗಿ, ಚಿತ್ರದಲ್ಲಿ ರಬ್ಬರಿನ ಹಾಗೆ ಸೊಟ್ಟ ಆಗುತ್ತದೆ. ಸ್ಟ್ಯಾಕ್ಡ್ ಸೆನ್ಸರ್ (ತುಂಬಾ ಬೇಗ ಓದುವ ಬಗೆಯದು) ಇರುವ ದುಬಾರಿ ಬಾಡಿಗಳಲ್ಲಿ ಈ ತೊಂದರೆ ಇಲ್ಲವೆನ್ನುವಷ್ಟು ಕಡಿಮೆ. ನಿಕಾನ್ ಜೆಡ್9, ಜೆಡ್8ರಲ್ಲಿ ಮೆಕ್ಯಾನಿಕಲ್ ಶಟರ್ರೇ ಇಲ್ಲ, ಬೇಕಾಗಿಲ್ಲ. ಕ್ಯಾನನ್ ಆರ್7ನಂಥ ಕಡಿಮೆ ಬೆಲೆಯ ಬಾಡಿಯಲ್ಲಿ ರೆಕ್ಕೆ ಬಡಿಯುವ ಹಕ್ಕಿಗೆ ಮೆಕ್ಯಾನಿಕಲ್ ಶಟರ್ ಇಟ್ಟುಕೊಳ್ಳಿ. ಸದ್ದು ಬಂದರೂ ಪರವಾಗಿಲ್ಲ, ಬಂದರಿನಲ್ಲಿ ಅದಕ್ಕಿಂತ ಜಾಸ್ತಿ ಸದ್ದು ಇದ್ದೇ ಇರುತ್ತದೆ.

ಇಷ್ಟೆಲ್ಲ ಕೇಳಿ ಹಳೆಯ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಇರುವವರು ಬೇಸರ ಪಟ್ಟುಕೊಳ್ಳಬೇಡಿ. 2016ರ ನಿಕಾನ್ ಡಿ500, 2014ರ ಕ್ಯಾನನ್ 7ಡಿ ಮಾರ್ಕ್ 2, ಎರಡೂ ಸೆಕೆಂಡಿಗೆ ಹತ್ತು ಫ್ರೇಮ್ ಹೊಡೆಯುತ್ತವೆ. ಹಾರುವ ಹಕ್ಕಿಗೆಂದೇ ಮಾಡಿದ ಹಾಗಿವೆ. ಸೆಕೆಂಡ್ ಹ್ಯಾಂಡಿನಲ್ಲಿ ಈಗ ಹೊಸ ಬಾಡಿಯ ಬೆಲೆಯ ಸಣ್ಣ ಪಾಲಿಗೆ ಸಿಗುತ್ತವೆ. ಡಿ500ರಲ್ಲಿ ಸುಮಾರು 21 ಮೆಗಾಪಿಕ್ಸೆಲ್. 45 ಮೆಗಾಪಿಕ್ಸೆಲ್ಲಿನ ಜೆಡ್8 ಚಿತ್ರವನ್ನು ಕ್ರಾಪ್ ಅಳತೆಗೆ ಕತ್ತರಿಸಿದರೆ ಉಳಿಯುವುದೂ ಹೆಚ್ಚುಕಡಿಮೆ ಅಷ್ಟೇ. ಒಂದೇ ಲೆನ್ಸ್ ಹಾಕಿ ದೂರದ ಹಕ್ಕಿಯನ್ನು ಹೊಡೆದರೆ ಹಕ್ಕಿಯ ಮೈಮೇಲೆ ಬೀಳುವ ಪಿಕ್ಸೆಲ್ ಎರಡರಲ್ಲೂ ಒಂದೇ. ಶುರು ಮಾಡುವವರಿಗೆ ನನ್ನ ಸಲಹೆ ಇದೇ: ಬಾಡಿ ಹಳೆಯದಿರಲಿ, ಲೆನ್ಸಿಗೆ ದುಡ್ಡು ಹಾಕಿ.

ಲೆನ್ಸಿನಲ್ಲಿ ನಾನು ಜೂಮ್ ಪಕ್ಷದವನು. ಕಾರಣ ಮೇಲಿನ ಲೆಕ್ಕದಲ್ಲೇ ಇದೆ. ಹದ್ದು 100 ಮೀಟರಿನಿಂದ 30 ಮೀಟರಿಗೆ ಕೆಲವೇ ಸೆಕೆಂಡಿನಲ್ಲಿ ಬಂದುಬಿಡುತ್ತದೆ. 600 ಮಿ.ಮೀ. ಎಫ್ 4 ಪ್ರೈಮ್ (ಜೂಮ್ ಆಗದ) ಲೆನ್ಸಿನ ಚಿತ್ರಕ್ಕೆ ಸಾಟಿ ಇಲ್ಲ, ನಿಜ. ಆದರೆ ಅದರ ಬೆಲೆ ಹತ್ತು ಲಕ್ಷ ದಾಟುತ್ತದೆ, ತೂಕ ಮೂರು ಕೆಜಿ ಮೀರುತ್ತದೆ. ಹತ್ತಿರ ಬಂದ ಹಕ್ಕಿಗೆ ಹಿಂದೆ ಸರಿಯಲು ಅಲೆತಡೆ ಗೋಡೆಯ ಮೇಲೆ ಜಾಗವೂ ಇರುವುದಿಲ್ಲ. ಸೋನಿ 200-600, ನಿಕಾನ್ ಜೆಡ್ 180-600, ಎರಡೂ ಸುಮಾರು ಎರಡು ಕೆಜಿ. ಜೂಮ್ ಮಾಡಿದರೂ ಉದ್ದ ಆಗುವುದಿಲ್ಲ, ತೂಕದ ಸಮತೋಲ ಕೈಯಲ್ಲಿ ಬದಲಾಗುವುದಿಲ್ಲ. ಕ್ಯಾನನ್ನಿನ 100-500 ಇನ್ನೂ ಹಗುರ, ಕೈಯಲ್ಲಿ ಹಿಡಿದು ತಿರುಗಿಸಲು ಬಹಳ ಹಿತ. ಡಿಎಸ್‌ಎಲ್‌ಆರ್‌ಗೆ ನಿಕಾನ್ 200-500 ಎಫ್ 5.6, ಸಿಗ್ಮಾ ಮತ್ತು ಟ್ಯಾಮ್ರಾನ್ 150-600 ಇವೆ. ಪ್ರೈಮ್ ಬೇಕೇ ಬೇಕು ಅಂದರೆ ನಿಕಾನ್ 500 ಎಫ್ 5.6 ನೋಡಿ. ಅದು ಒಂದೂವರೆ ಕೆಜಿಯೂ ಇಲ್ಲ.

ಕೈಯಲ್ಲಿ ಹತ್ತು ನಿಮಿಷ ಎತ್ತಿ ಹಿಡಿಯಲಾಗದ ಲೆನ್ಸ್ ಹಾರುವ ಹಕ್ಕಿಗೆ ಪ್ರಯೋಜನ ಇಲ್ಲ. ಅಂಗಡಿಯಲ್ಲಿ ಎರಡು ನಿಮಿಷ ಹಿಡಿದು ನಿರ್ಧಾರ ಮಾಡಬೇಡಿ. ಬೆಂಗಳೂರಿನಂಥ ಊರಿನಲ್ಲಿ ಲೆನ್ಸ್ ಬಾಡಿಗೆಗೆ ಸಿಗುತ್ತದೆ. ಎರಡು ದಿನ ತಂದು ಭುಜ ಏನು ಹೇಳುತ್ತದೆ ಕೇಳಿ. ಟೆಲಿಕನ್ವರ್ಟರ್ (ಲೆನ್ಸಿನ ಉದ್ದ ಹೆಚ್ಚಿಸಲು ಬಾಡಿಗೂ ಲೆನ್ಸಿಗೂ ನಡುವೆ ಹಾಕುವ ತುಂಡು) ಬಗ್ಗೆ ಒಂದೇ ಮಾತು: 1.4 ಪಟ್ಟಿನದು ಅರ್ಧ ಬೆಳಕು ತಿನ್ನುತ್ತದೆ, 2 ಪಟ್ಟಿನದು ಮುಕ್ಕಾಲು ಪಾಲು. ಎಫ್ 6.3 ಜೂಮಿಗೆ ಹಾಕಿ ಹಾರುವ ಹದ್ದನ್ನು ಹಿಡಿಯುವ ಆಸೆ ಬಿಡಿ.

ಈಗ ಆ ಬೆಳ್ಳಗಾದ ಹೊಟ್ಟೆ. ಕ್ಯಾಮೆರಾದ ಆಟೋ ಲೆಕ್ಕ ಇಡೀ ದೃಶ್ಯ ನೋಡಿ ಬೆಳಕು ಹೊಂದಿಸುತ್ತದೆ. ಹಿಂದೆ ಕಪ್ಪು ನೀರು ಇದ್ದರೆ, ಎಲ್ಲ ಕತ್ತಲೆ ಇದೆ ಎಂದುಕೊಂಡು ಚಿತ್ರವನ್ನು ಬೆಳಗಿಸುತ್ತದೆ. ಬಿಳಿ ಹಕ್ಕಿ ಸುಟ್ಟುಹೋಗುತ್ತದೆ. ಅದೇ ಹಕ್ಕಿ ಮೇಲೆದ್ದು ಆಕಾಶದ ಎದುರಿಗೆ ಬಂದರೆ, ತುಂಬಾ ಬೆಳಕಿದೆ ಎಂದುಕೊಂಡು ಹಕ್ಕಿಯನ್ನು ಕಪ್ಪು ಮಾಡುತ್ತದೆ. ಆದರೆ ಯೋಚಿಸಿ ನೋಡಿ. ಹಕ್ಕಿಯ ಮೇಲೆ ಬೀಳುವ ಬಿಸಿಲು ಬದಲಾಗಿಲ್ಲ, ಬದಲಾದದ್ದು ಹಿನ್ನೆಲೆ. ಹಾಗಾಗಿ ಮೋಡವಿಲ್ಲದ ದಿನ ನಾನು ಎಲ್ಲವನ್ನೂ ಮ್ಯಾನುಯಲ್ಲಿನಲ್ಲಿ ಗಟ್ಟಿಮಾಡಿ ಇಡುತ್ತೇನೆ. ಬಿಸಿಲು ಚೆನ್ನಾಗಿ ಏರಿದ ಮೇಲೆ ಬಿಳಿ ಹದ್ದಿಗೆ 1/3200, ಎಫ್ 6.3, ಐಎಸ್‌ಒ 400 (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನುವ ಅಂಕಿ ಇದು). ಏಳೂವರೆಯ ಎಳೆ ಬಿಸಿಲಿಗೆ ಐಎಸ್‌ಒ 800. ಕಂದು ಮರಿ ಹದ್ದು ಬಂದರೆ ಐಎಸ್‌ಒ ಎರಡು ಪಟ್ಟು.

ಇದನ್ನು ಸರಿ ಮಾಡಿಕೊಳ್ಳಲು ಒಂದು ಸುಲಭ ದಾರಿ ಇದೆ. ಹದ್ದು ಬರುವ ಮೊದಲೇ ಅದೇ ಬಿಸಿಲಿನಲ್ಲಿ ನಿಂತ ಬೆಳ್ಳಕ್ಕಿಯ ಫೋಟೋ ತೆಗೆಯಿರಿ. ಅದೂ ಬಿಳಿಯೇ, ಜೊತೆಗೆ ಸುಮ್ಮನೆ ನಿಲ್ಲುತ್ತದೆ. ಅದರ ಗರಿಗಳ ಗೆರೆ ಕಾಣುವವರೆಗೆ ಶಟರ್ ಸ್ಪೀಡು ಏರಿಸುತ್ತಾ ಹೋಗಿ. ಆ ಸೆಟ್ಟಿಂಗ್ ಹಾಗೇ ಬಿಡಿ. ಮೋಡ ಬಂದು ಹೋಗುತ್ತಿರುವ ದಿನ ಮಾತ್ರ ಐಎಸ್‌ಒ ಆಟೋ ಇಟ್ಟು, ಆಕಾಶದ ಎದುರಿಗೆ ಒಂದು ಸ್ಟಾಪ್ ಜಾಸ್ತಿ (ಅಂದರೆ ಬೆಳಕು ಎರಡು ಪಟ್ಟು), ಕಪ್ಪು ನೀರಿನ ಎದುರಿಗೆ ಒಂದು ಸ್ಟಾಪ್ ಕಡಿಮೆ (ಅರ್ಧ) ಮಾಡಿಕೊಳ್ಳಿ. ರಾ ಫೈಲಿನಲ್ಲಿ (ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸುವ ಫೈಲು) ತೆಗೆದರೆ ಸ್ವಲ್ಪ ಹೆಚ್ಚುಕಮ್ಮಿ ಆದರೂ ಮನೆಯಲ್ಲಿ ಸರಿಪಡಿಸಬಹುದು. ಪೂರ್ತಿ ಸುಟ್ಟ ಬಿಳಿಯನ್ನು ಯಾವ ಸಾಫ್ಟ್‌ವೇರೂ ವಾಪಸ್ ತರುವುದಿಲ್ಲ.

ಹಕ್ಕಿಯನ್ನು ಲೆನ್ಸಿನೊಳಗೆ ಹುಡುಕಿಕೊಳ್ಳುವುದೇ ಹೊಸಬರಿಗೆ ಕಷ್ಟ. 600ರಲ್ಲಿ ಕಾಣುವ ಆಕಾಶದ ತುಂಡು ತುಂಬಾ ಚಿಕ್ಕದು. 200ರಲ್ಲಿ ಹುಡುಕಿ, ಸಿಕ್ಕಮೇಲೆ ಜೂಮ್ ಮಾಡಿ. ಲೆನ್ಸಿನ ಪಕ್ಕದಲ್ಲಿ ಫೋಕಸ್ ಮಿತಿಯ ಬಟನ್ ಇರುತ್ತದೆ, ಅದನ್ನು ದೂರದ ಕಡೆಗೆ ಇಡಿ. ಇಲ್ಲದಿದ್ದರೆ ಫೋಕಸ್ ಹತ್ತಿರದ ತುದಿಯವರೆಗೂ ಹೋಗಿ ಬರುತ್ತಾ ಕೂರುತ್ತದೆ, ಹಕ್ಕಿ ಅಷ್ಟರಲ್ಲಿ ಗೋವೆ ಸೇರಿರುತ್ತದೆ. ಪಾದ ಎಲ್ಲಿಡುತ್ತೀರಿ ಅನ್ನುವುದೂ ಮುಖ್ಯ. ಹಕ್ಕಿ ಈಗ ಇರುವ ಕಡೆಗಲ್ಲ, ನೀವು ಹೊಡೆಯಬೇಕೆಂದಿರುವ ಕಡೆಗೆ ಪಾದ ಇಟ್ಟು, ಸೊಂಟ ತಿರುಗಿಸಿ ಹಕ್ಕಿಯನ್ನು ಹಿಡಿಯಿರಿ. ಅದು ಬರುತ್ತಾ ಬರುತ್ತಾ ನಿಮ್ಮ ಮೈ ನೇರವಾಗುತ್ತದೆ, ಕೈ ಗಟ್ಟಿಯಾಗುತ್ತದೆ. ಮೊಣಕೈ ಪಕ್ಕೆಗೆ ಒತ್ತಿರಲಿ. ಬಟನ್ ಒತ್ತಿಯೇ ಇರಬೇಡಿ. ಮೂರ್ನಾಲ್ಕು ಫ್ರೇಮಿನ ಚಿಕ್ಕ ಸರಣಿ, ಮತ್ತೆ ಮತ್ತೆ. ಟ್ರೈಪಾಡ್ ಬಂದರಿನಲ್ಲಿ ಎಲ್ಲರ ಕಾಲಿಗೂ ಅಡ್ಡ. ಒಂಟಿ ಕಾಲಿನ ಮಾನೋಪಾಡ್ ಸಾಕು, ಕಾಯುವಾಗ ತೂಕ ಇಳಿಸಲು.

ಹನ್ನೊಂದು ಗಂಟೆಯ ಮೇಲೆ ಕಾದ ಮರಳಿನ ಆಚೆ ಇರುವ ಹಕ್ಕಿಯ ಫೋಟೋ ಮಂಜಾಗಿ ಬಂದರೆ ಲೆನ್ಸನ್ನು ಬೈಯಬೇಡಿ. ಬಿಸಿ ಗಾಳಿಯ ಕಂಪನ ಅದು. ದೂರ ಕಡಿಮೆ ಮಾಡುವುದು ಬಿಟ್ಟು ಬೇರೆ ಮದ್ದಿಲ್ಲ.

ಅಭ್ಯಾಸಕ್ಕೆ ಕಡಲಿಗೇ ಹೋಗಬೇಕಿಲ್ಲ. ಬೆಂಗಳೂರು, ಹುಬ್ಬಳ್ಳಿ, ಮೈಸೂರು, ಎಲ್ಲೇ ಇರಿ, ಮಹಡಿ ಹತ್ತಿದರೆ ಕಂದುಗಪ್ಪು ಹದ್ದುಗಳು ಸಿಗುತ್ತವೆ. ವಾರಕ್ಕೆ ಎರಡು ದಿನ, ದಿನಕ್ಕೆ ಅರ್ಧ ಗಂಟೆ ಅವುಗಳ ಹಿಂದೆ ಲೆನ್ಸ್ ತಿರುಗಿಸಿ. ಮೂಡಿಗೆರೆಯ ತೋಟದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಹಿಂದೆ ಬಿದ್ದಿದ್ದ ಫಿಲ್ಮ್ ಕಾಲದಲ್ಲಿ ಒಂದು ರೋಲಿಗೆ 36 ಫ್ರೇಮ್ ಅಷ್ಟೇ. ನಮಗೆ ಅಭ್ಯಾಸಕ್ಕೆ ಖರ್ಚೇ ಇಲ್ಲ, ಅದನ್ನು ಬಳಸಿಕೊಳ್ಳಬೇಕು.

ಉಪ್ಪು ಗಾಳಿಯಲ್ಲಿ ದಿನ ಕಳೆದು ಬಂದ ಮೇಲೆ ಒದ್ದೆ ಬಟ್ಟೆ ಹಿಂಡಿ ಬಾಡಿ, ಲೆನ್ಸಿನ ಹೊರಮೈ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲ ಪೂರ್ತಿ ಲೆನ್ಸನ್ನು ಬ್ಯಾಗಿನಲ್ಲಿಟ್ಟರೆ ಗಾಜಿನೊಳಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ ಇಟ್ಟರೆ ಸಾಕು.

ಕಾರವಾರದ ಕಡೆ ಹೋಗುವವರು ನೆನಪಿಡಿ. ಅಲ್ಲಿ ನೌಕಾನೆಲೆ ಇದೆ. ಅದರ ಸುತ್ತಮುತ್ತ ಉದ್ದ ಲೆನ್ಸ್ ಎತ್ತಬೇಡಿ. ಮೀನು ಬಂದರಿನಲ್ಲೂ ಮೊದಲು ಅಲ್ಲಿಯವರನ್ನು ಕೇಳಿ. ಯಾವ ಬೋಟು ಯಾವಾಗ ಬರುತ್ತದೆ, ಹದ್ದು ಯಾವ ಮರದಲ್ಲಿ ಕೂರುತ್ತದೆ ಎಂದು ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರುವುದಿಲ್ಲ. ಜೂನ್, ಜುಲೈ ಎರಡು ತಿಂಗಳು ಯಂತ್ರದ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ಬಂದರು ಖಾಲಿ, ಹಕ್ಕಿಗಳೂ ಚದುರಿಹೋಗುತ್ತವೆ.

ಹದ್ದು ಹತ್ತಿರ ಬರಲಿ ಎಂದು ಕೋಳಿ ತ್ಯಾಜ್ಯ ಎಸೆಯುವವರನ್ನು ನೋಡಿದ್ದೇನೆ. ನೋಡಿದಾಗೆಲ್ಲ ಸಂಕಟವಾಗುತ್ತದೆ. ಬೇಟೆಯಾಡುವ ಹಕ್ಕಿಯನ್ನು ಕಸಕ್ಕೆ ಕಾಯುವ ಹಾಗೆ ಮಾಡಿ ತೆಗೆದ ಫೋಟೋದಲ್ಲಿ ಏನಿದೆ? ಡ್ರೋನ್ ಅಂತೂ ಬೇಡವೇ ಬೇಡ. ಹದ್ದು ಅದನ್ನು ಶತ್ರು ಅಂದುಕೊಂಡು ಎರಗಬಹುದು, ರೆಕ್ಕೆ ಮುರಿದುಕೊಳ್ಳಬಹುದು.

ಮಳೆ ನಿಂತು ಆಕಾಶ ತೊಳೆದ ಹಾಗಾದ ಅಕ್ಟೋಬರ್ ಹೊತ್ತಿಗೆ ಕಡಲ ಹದ್ದುಗಳು ಗೂಡು ಸರಿಮಾಡಲು ಶುರು ಮಾಡುತ್ತವೆ. ಎತ್ತರದ ಮರದಲ್ಲಿ ಕಡ್ಡಿಗಳ ದೊಡ್ಡ ಅಟ್ಟ. ಅದೇ ಗೂಡಿಗೆ ವರ್ಷ ವರ್ಷವೂ ಕಡ್ಡಿ ಸೇರಿಸುತ್ತವೆ. ಕಾಲಲ್ಲಿ ಉದ್ದದ ಕೊಂಬೆ ಹಿಡಿದು, ಎದುರು ಗಾಳಿಯಲ್ಲಿ ನಿಧಾನವಾಗಿ ಬರುವ ಹದ್ದಿಗಿಂತ ಒಳ್ಳೆಯ ಫೋಟೋ ನನಗೆ ಇಡೀ ವರ್ಷದಲ್ಲಿ ಸಿಗುವುದಿಲ್ಲ. ಅದನ್ನು ದಂಡೆಯಿಂದಲೇ ತೆಗೆಯುತ್ತೇನೆ. ಕೊಂಬೆ ಹೊತ್ತು ಅದು ತೋಪಿನ ಕಡೆ ತಿರುಗಿದಾಗ ಕ್ಯಾಮೆರಾ ಕೆಳಗಿಳಿಸುತ್ತೇನೆ. ಆ ಮರ ಯಾವುದೆಂದು ನಾನು ಹಿಂದೆ ಹೋಗಿ ನೋಡುವುದಿಲ್ಲ, ಗೂಡು ಕಟ್ಟುವ ಕಾಲದ ಆ ಫೋಟೋ ಹಾಕುವಾಗ ಊರಿನ ಹೆಸರನ್ನೂ ಬರೆಯುವುದಿಲ್ಲ.